ಅಣ್ಣನ ಸಾವಿಗೆ ಯಾರನ್ನು ಹೊಣೆ ಮಾಡಲಿ?

ಪ್ರಶ್ನೆ: ನನ್ನ ಅಣ್ಣ ಬ್ಯಾಡಗಿಯ ಮಾರುಕಟ್ಟೆಯಲ್ಲಿ ಹಮಾಲಿ ಮಾಡುತ್ತಿದ್ದ. ಅತ್ತಿಗೆ ಮೆಣಸಿನಕಾಯಿ ತೊಟ್ಟು ಬಿಡಿಸುವ ಕೂಲಿಗೆ ಹೋಗುತ್ತಾರೆ. ಮೂರು ವರ್ಷದ ಹಿಂದೆ ಅವ್ವ ಬಚ್ಚಲಿನಲ್ಲಿ ಜಾರಿ ಬಿದ್ದು ತೊಡೆಯ ಮೂಳೆ ಮುರಿದುಕೊಂಡಳು. ಸರ್ಕಾರಿ ಆಸ್ಪತ್ರೆಯಲ್ಲಿ ಅರಿವಳಿಕೆ ಕೊಡುವ ವೈದ್ಯರಿಲ್ಲ ಎಂದದ್ದಕ್ಕೆ ಖಾಸಗಿ ಆಸ್ಪತ್ರೆಗೆ ಒಯ್ದೆವು. ಅದಕ್ಕಾಗಿ ಅತ್ತಿಗೆ ತನ್ನ ಹೆಸರಿನಲ್ಲಿ ಸಂಘದ ಸಾಲ ತೆಗೆದರು. ಆ ಕಂತು ಕಟ್ಟಲು ಎರಡನೆಯದು, ಅದನ್ನು ಕಟ್ಟಲು ಮೂರನೆಯದು, ಹೀಗೆ ನಾಲ್ಕು ಕಡೆ ಸಾಲವಾಯಿತು. ಕಂತು ತಿಂಗಳಿಗೆ 2,300, 2,500, 2,400, 2,200 ರೂಪಾಯಿ. ಇಬ್ಬರ ದುಡಿಮೆ ಸೀಸನ್ನಿನ ನಾಲ್ಕು ತಿಂಗಳು ಹದಿನೈದು ಸಾವಿರದ ಹತ್ತಿರ, ಉಳಿದ ತಿಂಗಳು ಎಂಟು ಸಾವಿರ ದಾಟುತ್ತಿರಲಿಲ್ಲ. ಗೃಹಲಕ್ಷ್ಮಿಯ ಹಣ ಕಂತಿಗೇ ಹೋಗುತ್ತಿತ್ತು. ಕಳೆದ ಮಳೆಗಾಲದಲ್ಲಿ ಮೂರು ವಾರ ಕಟ್ಟಲಾಗಲಿಲ್ಲ. ಫೈನಾನ್ಸಿನವನು ಸಂಘದ ಹೆಂಗಸರನ್ನೂ ಕರೆದುಕೊಂಡು ಬಂದು ರಾತ್ರಿ ಹತ್ತರವರೆಗೆ ನಮ್ಮ ಕಟ್ಟೆಯ ಮೇಲೆ ಕುಳಿತ. ಓಣಿಯೆಲ್ಲ ನೋಡಿತು. ಮರುದಿನ ಬೆಳಗಾಗುವಷ್ಟರಲ್ಲಿ ಅಣ್ಣ ಜೀವ ಕಳೆದುಕೊಂಡಿದ್ದ.

ಈಗ ಅವ್ವ, ‘ಇವಳು ಸಾಲ ಮಾಡಿ ನನ್ನ ಮಗನನ್ನು ತಿಂದಳು’ ಎನ್ನುತ್ತಾಳೆ. ಊರವರು ಅಣ್ಣನ ಕುಡಿತದ ಮಾತಾಡುತ್ತಾರೆ. ಅತ್ತಿಗೆ ಮಕ್ಕಳನ್ನು ಕರೆದುಕೊಂಡು ತವರಿಗೆ ಹೋಗಿದ್ದಾರೆ. ನಾನು ಬೆಂಗಳೂರಿನಲ್ಲಿ ಗಾರ್ಮೆಂಟ್ಸ್ ಕೆಲಸದಲ್ಲಿದ್ದೇನೆ. ಫೈನಾನ್ಸಿನವರು ನನಗೆ ಫೋನ್ ಮಾಡಿ, ‘ನೀವು ಕಟ್ಟದಿದ್ದರೆ ನಿಮ್ಮಣ್ಣನ ಮಗ ದೊಡ್ಡವನಾದ ಮೇಲೆ ಕಟ್ಟಬೇಕಾಗುತ್ತದೆ’ ಎಂದು ಹೆದರಿಸುತ್ತಿದ್ದಾರೆ. ಅಣ್ಣನ ಸಾವಿಗೆ ಯಾರು ಹೊಣೆ? ಪೊಲೀಸ್ ದೂರಿನ ಪ್ರತಿಯನ್ನೂ ಕಳುಹಿಸಿದ್ದೇನೆ.
– ಹೆಸರು ಬೇಡ, ಹಾವೇರಿ ಜಿಲ್ಲೆ

ಉತ್ತರ: ತಮ್ಮ, ನೀವು ಕಳುಹಿಸಿದ ದೂರಿನ ಪ್ರತಿಯನ್ನೇ ಮೊದಲು ಓದಿದೆ. ‘ನನ್ನ ಗಂಡನು ಕೌಟುಂಬಿಕ ವಿಷಯಕ್ಕೆ ಮನನೊಂದು ಜೀವನದಲ್ಲಿ ಜಿಗುಪ್ಸೆಗೊಂಡು’ ಎಂದು ಶುರುವಾಗಿ, ‘ಸದರಿಯವರ ಮರಣದಲ್ಲಿ ನಮಗೆ ಯಾರ ಮೇಲೂ ಯಾವುದೇ ಅನುಮಾನವಿರುವುದಿಲ್ಲ’ ಎಂದು ಮುಗಿಯುತ್ತದೆ. ಕೆಳಗೆ ನಿಮ್ಮ ಅತ್ತಿಗೆಯ ಹೆಬ್ಬೆಟ್ಟು. ತಾಲ್ಲೂಕು ನ್ಯಾಯಾಲಯದಲ್ಲಿ ವಕೀಲಿಕೆ ಮಾಡುತ್ತಾ ಈ ಎರಡು ವಾಕ್ಯಗಳನ್ನು ಬೇರೆ ಬೇರೆ ಠಾಣೆಗಳ ಕಾಗದದಲ್ಲಿ, ಬೇರೆ ಬೇರೆ ಹೆಣ್ಣುಮಕ್ಕಳ ಹೆಸರಿನಲ್ಲಿ ಓದುತ್ತಲೇ ಬಂದಿದ್ದೇನೆ. ಅವು ಅವರ ಮಾತುಗಳಲ್ಲ. ಶವಪರೀಕ್ಷೆ ಮುಗಿದು ಕತ್ತಲಾಗುವುದರೊಳಗೆ ಹೆಣ ಮನೆಗೆ ಬರಬೇಕು ಎನ್ನುವ ಅವಸರದಲ್ಲಿ ಯಾರೋ ಬರೆಯುತ್ತಾರೆ, ಇವರು ಒತ್ತುತ್ತಾರೆ. ಕಟ್ಟೆಯ ಮೇಲೆ ರಾತ್ರಿ ಹತ್ತರವರೆಗೆ ಕುಳಿತವನ ಸುದ್ದಿ ಆ ಕಾಗದದಲ್ಲಿ ಒಂದಕ್ಷರವೂ ಇಲ್ಲ. ಸಾಲ ಎಂಬ ಶಬ್ದವೇ ಇಲ್ಲ.

ಇಂಥ ಕಾಗದಗಳೇ ಮುಂದೆ ಅಂಕಿಅಂಶವಾಗುತ್ತವೆ. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊದ 2022ರ ವರದಿಯ ಪ್ರಕಾರ ಆ ವರ್ಷ ದೇಶದಲ್ಲಿ 1,70,924 ಜನ ಆತ್ಮಹತ್ಯೆ ಮಾಡಿಕೊಂಡರು. ಅವರಲ್ಲಿ ಶೇ 26ರಷ್ಟು ದಿನಗೂಲಿಯವರು. ಶೇ 64ರಷ್ಟು ಜನರ ವಾರ್ಷಿಕ ಆದಾಯ ಒಂದು ಲಕ್ಷಕ್ಕಿಂತ ಕಡಿಮೆ. ಆದರೆ ಕಾರಣದ ಪಟ್ಟಿ ತೆರೆದರೆ ಸಾಲ ಮತ್ತು ದಿವಾಳಿತನದ ಪಾಲು ಬರೀ ಶೇ 4. ಎಲ್ಲಕ್ಕಿಂತ ಮೇಲೆ ಶೇ 31.7ರಷ್ಟು ಇರುವುದು ‘ಕೌಟುಂಬಿಕ ಸಮಸ್ಯೆ’. ಕಂತಿನ ದುಡ್ಡಿಗಾಗಿ ಗಂಡ ಹೆಂಡಿರ ನಡುವೆ ನಡೆದ ಜಗಳವೂ ಇದೇ ಕಲಮಿನಲ್ಲಿ ಸೇರಿಹೋಗುತ್ತದೆ. ನಿಮ್ಮಣ್ಣನೂ ಅಲ್ಲಿಯೇ ಸೇರಿದ್ದಾನೆ. ಸರ್ಕಾರದ ಕಾಗದವೇ ಕುಟುಂಬದ ಕಡೆಗೆ ಬೊಟ್ಟು ಮಾಡಿದ ಮೇಲೆ ಊರು ಸೊಸೆಯ ಕಡೆಗೆ ಬೊಟ್ಟು ಮಾಡುವುದರಲ್ಲಿ ಆಶ್ಚರ್ಯವಿಲ್ಲ.

ನಿಮ್ಮ ಲೆಕ್ಕವನ್ನು ನಾನು ಕೂಡಿಸಿ ನೋಡಿದೆ. ಸೀಸನ್ನಿನ ನಾಲ್ಕು ತಿಂಗಳಿಗೆ 60 ಸಾವಿರ, ಉಳಿದ ಎಂಟು ತಿಂಗಳಿಗೆ 64 ಸಾವಿರ. ವರ್ಷಕ್ಕೆ 1,24,000. ತಿಂಗಳಿಗೆ ಸರಾಸರಿ 10,300 ರೂಪಾಯಿ. ರಿಸರ್ವ್ ಬ್ಯಾಂಕ್ 2022ರ ಮಾರ್ಚ್‌ನಲ್ಲಿ ಹೊರಡಿಸಿದ ನಿರ್ದೇಶನದಂತೆ, ವರ್ಷಕ್ಕೆ ಮೂರು ಲಕ್ಷದೊಳಗೆ ಆದಾಯವಿರುವ ಮನೆಗೆ ಅಡಮಾನವಿಲ್ಲದೆ ಕೊಡುವ ಸಾಲವೇ ಕಿರುಸಾಲ. ಆ ಮನೆಯ ಎಲ್ಲ ಸಾಲಗಳ ಕಂತೂ ಸೇರಿ ತಿಂಗಳ ಆದಾಯದ ಅರ್ಧವನ್ನು ಮೀರಬಾರದು. ನಿಮ್ಮ ಮನೆಗೆ ಆ ಅರ್ಧ ಎಂದರೆ 5,150 ರೂಪಾಯಿ. ಮೊದಲ ಎರಡು ಸಾಲದ ಕಂತು 4,800, ಮಿತಿಯೊಳಗೇ ಇದೆ. ಮೂರನೆಯ ಸಾಲ ಕೊಟ್ಟ ದಿನ ಅದು 7,200 ಆಯಿತು. ನಾಲ್ಕನೆಯದಕ್ಕೆ 9,400. ಸಾಲ ಕೊಡುವ ಮುಂಚೆ ಗುರುತಿನ ಚೀಟಿ ಹಿಡಿದು, ಹಳೆಯ ಸಾಲಗಳೆಷ್ಟಿವೆ ಎಂದು ಕಂಪ್ಯೂಟರಿನಲ್ಲಿ ನೋಡುವ ವ್ಯವಸ್ಥೆ ಅವರ ಬಳಿ ಇದೆ. ಅತ್ತಿಗೆಗೆ ಗುಣಾಕಾರ ಭಾಗಾಕಾರ ಬರದಿರಬಹುದು. ಅದು ಬರುವವರೇ ಮೇಜಿನ ಆಚೆ ಕುಳಿತಿದ್ದರು. ನಾನು ಹೊಣೆ ಹುಡುಕುವುದು ಅಲ್ಲಿಂದ: ಯಾರಿಗೆ ಲೆಕ್ಕ ಗೊತ್ತಿತ್ತು, ಯಾರ ಕೈಯಲ್ಲಿ ‘ಬೇಡ’ ಎನ್ನುವ ಅಧಿಕಾರವಿತ್ತು? ಮೂರನೆಯ ಮತ್ತು ನಾಲ್ಕನೆಯ ಸಾಲ ಕೊಟ್ಟವರು ಕೊಡಬಾರದಿತ್ತು. ಅವರ ಹೊಣೆ ನಿಮ್ಮ ಅತ್ತಿಗೆಯ ಹೊಣೆಗಿಂತ ಬಹಳ ದೊಡ್ಡದು.

ಇನ್ನೊಂದು ವಿಷಯವನ್ನು ಬ್ಯಾಡಗಿಯ ಕಡೆಯ ನಿಮಗೆ ನಾನು ಹೇಳಬೇಕಾಗಿಲ್ಲ. ಜನವರಿಯಿಂದ ಮಾರ್ಚ್‌ವರೆಗೆ ಮಾರುಕಟ್ಟೆಯ ಅಂಗಳದಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಕೆಂಪು ರಾಶಿಯ ಮುಂದೆ ಮೂಗಿಗೆ ಸೆರಗು ಕಟ್ಟಿಕೊಂಡು ಸಾಲಾಗಿ ಕುಳಿತ ಹೆಂಗಸರು ಕಿಲೋ ಲೆಕ್ಕದಲ್ಲಿ ತೊಟ್ಟು ಬಿಡಿಸುತ್ತಾರೆ, ಸಂಜೆಗೆ ಬೆರಳ ತುದಿ ಉರಿಯುತ್ತದೆ, ಮಕ್ಕಳನ್ನು ಮುಟ್ಟಲೂ ಹೆದರುತ್ತಾರೆ. ಮಳೆ ಹಿಡಿದರೆ ಆ ಕೆಲಸವೂ ಇಲ್ಲ, ಹಮಾಲಿಯೂ ಇಲ್ಲ. ಕಂತು ಮಾತ್ರ ಆಷಾಢಕ್ಕೂ ಅಷ್ಟೇ, ಸುಗ್ಗಿಗೂ ಅಷ್ಟೇ. ಸುಗ್ಗಿಯಲ್ಲಿ ಹೆಚ್ಚು, ಮಳೆಗಾಲದಲ್ಲಿ ಕಡಿಮೆ ಎಂದು ಕಂತನ್ನು ಹೊಂದಿಸಲು ಯಾವ ಕಾನೂನೂ ಅಡ್ಡ ಬರುವುದಿಲ್ಲ. ಹೊಂದಿಸುವವರು ಬೇಕು.

ಇದಕ್ಕಿಂತ ಹಿಂದಿನ ಹೊಣೆಯೊಂದು ಸರ್ಕಾರದ ಮೇಲಿದೆ. ಬಡತನ ರೇಖೆಗಿಂತ ಕೆಳಗಿನ ಕುಟುಂಬಕ್ಕೆ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ ಐದು ಲಕ್ಷದವರೆಗೆ ಚಿಕಿತ್ಸೆ ಉಚಿತ. ಸರ್ಕಾರಿ ಆಸ್ಪತ್ರೆಯಲ್ಲಿ ಆಗದಿದ್ದರೆ ಯೋಜನೆಯ ಪಟ್ಟಿಯಲ್ಲಿರುವ ಬೇರೆ ಆಸ್ಪತ್ರೆಗೆ ಶಿಫಾರಸು ಪತ್ರ ಕೊಟ್ಟು ಕಳುಹಿಸುವ ಏರ್ಪಾಡಿದೆ. ನಿಮ್ಮ ಅವ್ವನಿಗೆ ಆ ಪತ್ರವನ್ನು ಯಾರೂ ಬರೆದುಕೊಡಲಿಲ್ಲ. ‘ಇಲ್ಲಿ ಆಗುವುದಿಲ್ಲ’ ಎಂದಷ್ಟೇ ಹೇಳಿ ಕಳುಹಿಸಿದರು. ನಾಲ್ಕೂ ಸಾಲಗಳ ಬೇರು ಆ ಬರೆಯದ ಪತ್ರದಲ್ಲಿದೆ.

ಅವ್ವನ ಮಾತಿನ ಬಗ್ಗೆ. ಮೊದಲ ಸಾಲ ತನ್ನ ಕಾಲಿಗಾಗಿ ತೆಗೆದದ್ದು ಎಂಬುದು ಆಕೆಗೆ ನಿಮಗಿಂತ ಚೆನ್ನಾಗಿ ಗೊತ್ತು. ಸೊಸೆಯನ್ನು ಬೈಯುವಾಗ ಆ ತಾಯಿ ಒಳಗೆ ಯಾರನ್ನು ಬೈದುಕೊಳ್ಳುತ್ತಿದ್ದಾಳೆ ಎಂದು ಒಮ್ಮೆ ಯೋಚಿಸಿ. ನೀವೇ ಊರಿಗೆ ಹೋಗಿ, ಪಕ್ಕದಲ್ಲಿ ಕುಳಿತು, ‘ಅವ್ವ, ನಿನ್ನ ಕಾಲು ಮುರಿದದ್ದು ನಿನ್ನ ತಪ್ಪಲ್ಲ, ಅತ್ತಿಗೆ ಸಾಲ ತೆಗೆದದ್ದು ನಿನ್ನನ್ನು ಎಬ್ಬಿಸಿ ನಿಲ್ಲಿಸುವುದಕ್ಕೆ’ ಎಂದು ಹೇಳಿ. ಫೋನಿನಲ್ಲಿ ಹೇಳಬೇಡಿ. ಸೊಸೆ, ಮೊಮ್ಮಕ್ಕಳು ಆ ಮನೆಗೆ ಮರಳುವ ದಾರಿ ಇದೊಂದೇ ಎಂದು ನನಗೆ ತೋರುತ್ತದೆ.

ಅಣ್ಣ ಕುಡಿಯುತ್ತಿದ್ದ ಎನ್ನುವುದು ನಿಜವಿರಬಹುದು. ಇಂಥ ಸಾವಿಗೆ ಒಂದೇ ಕಾರಣವಿರುವುದಿಲ್ಲ, ನಾನೂ ಹಾಗೆ ಹೇಳುವುದಿಲ್ಲ. ಹೆಂಡತಿ ಮಕ್ಕಳನ್ನು ಹೀಗೆ ಬಿಟ್ಟು ಹೋದ ಎಂದು ಅವನ ಮೇಲೆ ನಿಮಗೆ ಸಿಟ್ಟು ಬಂದರೆ ಅದೂ ತಪ್ಪಲ್ಲ. ಆದರೆ ಕುಡಿಯುವ ಗಂಡಸರು ಎಲ್ಲ ಓಣಿಗಳಲ್ಲಿದ್ದಾರೆ, ಅವರೆಲ್ಲರ ಕಟ್ಟೆಯ ಮೇಲೆ ರಾತ್ರಿ ಹತ್ತರವರೆಗೆ ಊರಿನ ಮುಂದೆ ಯಾರೂ ಕುಳಿತಿರುವುದಿಲ್ಲ. ಸಂಘದ ಹೆಂಗಸರ ಮೇಲೆ ಹಗೆ ಸಾಧಿಸಬೇಡಿ. ಒಬ್ಬಳು ಕಟ್ಟದಿದ್ದರೆ ಉಳಿದವರು ಕೈಯಿಂದ ತುಂಬಬೇಕು ಎನ್ನುವ ಗುಂಪು ಜಾಮೀನು ನೆರೆಯವಳನ್ನೇ ವಸೂಲಿಗೆ ನಿಲ್ಲಿಸುತ್ತದೆ. ಅಂದು ಬಂದವರ ಮನೆಯಲ್ಲೂ ಮಳೆಗಾಲವೇ ಇತ್ತು.

ಇನ್ನು ಕಾನೂನು. ನಿಮ್ಮ ಹೆಸರಿನ ಸಹಿ ಯಾವ ಸಾಲದಲ್ಲೂ ಇಲ್ಲದಿದ್ದರೆ ನೀವಾಗಲಿ ಅವ್ವನಾಗಲಿ ಒಂದು ರೂಪಾಯಿಗೂ ಬಾಧ್ಯರಲ್ಲ. ಅಣ್ಣನ ಮಗನ ಮಾತು ಬರೀ ಬೆದರಿಕೆ. ಅಪ್ಪನ ಸಾಲ ತೀರಿಸುವುದು ಮಗನ ಧರ್ಮ ಎಂಬ ಹಳೆಯ ಹಿಂದೂ ನ್ಯಾಯವನ್ನು 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯೇ ತೆಗೆದುಹಾಕಿದೆ. ಸತ್ತವನ ಆಸ್ತಿ ಕೈಗೆ ಬಂದಿದ್ದರೆ ಅಷ್ಟರ ಮಟ್ಟಿಗೆ ಮಾತ್ರ ವಾರಸುದಾರರು ಹೊಣೆ. ಸಾಲ ಅತ್ತಿಗೆಯ ಹೆಸರಿನಲ್ಲಿರುವುದರಿಂದ ಅವರ ಬಾಧ್ಯತೆ ಹೋಗಿಲ್ಲ. ಆದರೆ ಈ ಸಾಲಗಳ ಜತೆ ವಿಮೆಯ ಹಣ ಹಿಡಿದುಕೊಂಡಿರುತ್ತಾರೆ, ಅನೇಕ ಕಡೆ ಗಂಡನೂ ಆ ವಿಮೆಯೊಳಗೆ ಇರುತ್ತಾನೆ. ನಾಲ್ಕೂ ಸಾಲದ ಕಾರ್ಡ್ ಮತ್ತು ವಿಮೆಯ ಕಾಗದವನ್ನು ಬರವಣಿಗೆಯಲ್ಲಿ ಕೇಳಿ, ಸ್ವೀಕೃತಿ ಪಡೆಯಿರಿ.

ಫೈನಾನ್ಸಿನವನ ಮೇಲೆ ಕೇಸು ನಿಲ್ಲುತ್ತದೆಯೇ? ಸುಳ್ಳು ಭರವಸೆ ಕೊಡಲಾರೆ. ಆತ್ಮಹತ್ಯೆಗೆ ಪ್ರಚೋದನೆ ಭಾರತೀಯ ನ್ಯಾಯ ಸಂಹಿತೆಯ 108ನೇ ಕಲಮಿನಲ್ಲಿ ಬರುತ್ತದೆ, ಹತ್ತು ವರ್ಷದವರೆಗೆ ಶಿಕ್ಷೆ ಇದೆ. ಆದರೆ ಬರೀ ಸಾಲ ಕೇಳಿದ್ದು ಪ್ರಚೋದನೆಯಾಗುವುದಿಲ್ಲ. 2025ರ ಜನವರಿಯಲ್ಲಿ ಸುಪ್ರೀಂ ಕೋರ್ಟ್, ಮಧ್ಯಪ್ರದೇಶದ ಪ್ರಕರಣವೊಂದರಲ್ಲಿ ಸಾಲ ವಸೂಲಿಗೆ ಹೋಗಿದ್ದ ಅಧಿಕಾರಿಯನ್ನು ಇದೇ ಕಾರಣಕ್ಕೆ ಆರೋಪದಿಂದ ಬಿಡುಗಡೆ ಮಾಡಿತು. ನಿಮ್ಮದು ಬರೀ ಕೇಳಿದ್ದಲ್ಲ ಎಂದು ತೋರಿಸಬೇಕು. ಸಂಜೆ ಆರರ ನಂತರ ಫೋನ್ ಕೂಡ ಮಾಡಬಾರದು, ಗೊತ್ತುಪಡಿಸಿದ ಜಾಗಕ್ಕೆ ಸಾಲಗಾರರು ಸತತ ಎರಡು ಸಲ ಬಾರದಿದ್ದರೆ ಮಾತ್ರ ಮನೆಗೆ ಹೋಗಬಹುದು, ನೆಂಟರಿಷ್ಟರನ್ನು ಕಾಡಬಾರದು ಎಂದು ರಿಸರ್ವ್ ಬ್ಯಾಂಕ್ ಹೇಳಿದೆ. ನಿಮಗೆ ಬರುತ್ತಿರುವ ಫೋನ್ ಕರೆಗಳೂ ಇದರೊಳಗೆ ಬರುತ್ತವೆ. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಸೆರೆ, ಐದು ಲಕ್ಷದವರೆಗೆ ದಂಡ ವಿಧಿಸುವ ರಾಜ್ಯದ ಸುಗ್ರೀವಾಜ್ಞೆಗೆ 2025ರ ಫೆಬ್ರುವರಿ 12ರಂದು ರಾಜ್ಯಪಾಲರ ಅಂಕಿತ ಬಿದ್ದು, ನಂತರ ಅದು ವಿಧಾನಮಂಡಲದಲ್ಲೂ ಅಂಗೀಕಾರವಾಯಿತು. ಯಾವ ಸಾಲ ಯಾವ ಕಾನೂನಿಗೆ ಒಳಪಡುತ್ತದೆ ಎಂಬುದನ್ನು ನಾಲ್ಕೂ ಕಾರ್ಡ್ ನೋಡಿ ತೀರ್ಮಾನಿಸಬೇಕು, ಹಾಗಾಗಿ ಅವು ಮುಖ್ಯ.

ಅತ್ತಿಗೆ ಠಾಣೆಗೆ ಹೋಗಿ ಮರುಹೇಳಿಕೆ ಕೊಡಬಹುದು. ಯಾರು ಬಂದರು, ಎಷ್ಟು ಗಂಟೆಗೆ ಬಂದರು, ಏನು ಅಂದರು, ಯಾರು ಕೇಳಿಸಿಕೊಂಡರು, ಇಷ್ಟನ್ನು ಅವರ ಮಾತಿನಲ್ಲೇ ಬರೆಸಿ, ಓದಿಸಿ ಕೇಳಿದ ಮೇಲೆ ಹೆಬ್ಬೆಟ್ಟು ಒತ್ತಲಿ. ತೆಗೆದುಕೊಳ್ಳದಿದ್ದರೆ ಅದನ್ನೇ ಜಿಲ್ಲಾ ಪೊಲೀಸ್ ವರಿಷ್ಠಾಧಿಕಾರಿಗೆ ಅಂಚೆಯಲ್ಲಿ ಕಳುಹಿಸಿ. ಹೆಣ್ಣುಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಉಚಿತ ವಕೀಲರು ಸಿಗುತ್ತಾರೆ. ತಾಲ್ಲೂಕು ಕಾನೂನು ಸೇವಾ ಸಮಿತಿ ನ್ಯಾಯಾಲಯದ ಆವರಣದಲ್ಲೇ ಇದೆ, ಸಹಾಯವಾಣಿ 15100. ದುಡಿಯುವವನು ತೀರಿಹೋದ ಬಡ ಕುಟುಂಬಕ್ಕೆ ರಾಷ್ಟ್ರೀಯ ಕುಟುಂಬ ನೆರವು ಯೋಜನೆಯಲ್ಲಿ 20,000 ರೂಪಾಯಿ ಬರುತ್ತದೆ, ವಿಧವಾ ವೇತನ ಬೇರೆ. ಎರಡಕ್ಕೂ ನಾಡಕಚೇರಿಯಲ್ಲಿ ವಿಚಾರಿಸಿ. ಅಣ್ಣನ ಹೆಸರಿನಲ್ಲಿ ಪಹಣಿ ಇದ್ದು, ಬೆಳೆಸಾಲ ತೀರಿಸಲಾಗದೆ ಸತ್ತಿದ್ದರೆ ಸರ್ಕಾರ ಐದು ಲಕ್ಷ ಪರಿಹಾರ ಕೊಡುತ್ತಿತ್ತು. ಅದೇ ರೈತನ ಚೀಲ ಬೆನ್ನ ಮೇಲೆ ಹೊತ್ತ ಹಮಾಲಿಗೆ ಅದಿಲ್ಲ. ಇದು ಅನ್ಯಾಯ ಎಂದೇ ನಾನು ಹೇಳುತ್ತೇನೆ.

ಪ್ರಶ್ನೆ: ನಾನು ನಿವೃತ್ತ ಶಿಕ್ಷಕ. ಸಾಲ ಮಾಡುವಾಗ ಇಲ್ಲದ ಯೋಚನೆ ತೀರಿಸುವಾಗ ಯಾಕೆ? ಸ್ವಂತ ಉದ್ಯೋಗಕ್ಕೆಂದು ಸಾಲ ಪಡೆದು ಮದುವೆ, ಜಾತ್ರೆಗೆ ಖರ್ಚು ಮಾಡಿ ಕೊನೆಗೆ ಜೀವ ಕಳೆದುಕೊಂಡರೆ ಬೇರೆಯವರು ಹೇಗೆ ಹೊಣೆಯಾಗುತ್ತಾರೆ?
– ಮೈಸೂರು

ಉತ್ತರ: ಮೇಷ್ಟ್ರೇ, ನಿಮ್ಮ ಪ್ರಶ್ನೆ ಕಟುವಾಗಿದೆ, ಆದರೆ ಊರೂರಲ್ಲಿ ಜನ ಆಡುವ ಮಾತೇ ಇದು. ನನ್ನ ಕಕ್ಷಿದಾರಳೊಬ್ಬಳ ಸಾಲದ ಅರ್ಜಿ ನೋಡಿದ್ದೇನೆ. ‘ಸಾಲದ ಉದ್ದೇಶ: ಹೈನುಗಾರಿಕೆ. ಮಾಸಿಕ ಆದಾಯ: 24,000.’ ಆಕೆಯ ಮನೆಯಲ್ಲಿ ಹಸು ಕಟ್ಟಲು ಗೂಟ ಹೊಡೆಯುವಷ್ಟು ಜಾಗವಿಲ್ಲ. ಆಕೆ ಅಷ್ಟು ದುಡ್ಡನ್ನು ಒಟ್ಟಿಗೆ ಕಂಡಿದ್ದು ಸಾಲ ಕೈಗೆ ಬಂದ ದಿನ ಮಾತ್ರ. ಬರೆದದ್ದು ಕಂಪನಿಯ ಹುಡುಗ. ವರ್ಷಕ್ಕೆ ಮೂರು ಲಕ್ಷ ದಾಟಿದರೆ ಕಿರುಸಾಲವಾಗುವುದಿಲ್ಲ, ಕಡಿಮೆ ಬರೆದರೆ ಅರ್ಧದ ಲೆಕ್ಕಕ್ಕೆ ಕೂಡುವುದಿಲ್ಲ. ಅದಕ್ಕೇ 24,000. ಸುಳ್ಳು ಹೇಳಿದವಳು ಸಾಲಗಾರಳು ಎನ್ನುವ ಮುಂಚೆ ಆ ಕೈಬರಹ ಯಾರದು ಎಂದು ಕೇಳಬೇಕು. 2022ರ ನಿಯಮದಲ್ಲಿ ಸಾಲ ಉದ್ಯೋಗಕ್ಕೇ ಆಗಬೇಕೆಂಬ ಷರತ್ತೂ ಇಲ್ಲ. ಔಷಧಿಗೂ ಮದುವೆಗೂ ಪಡೆಯಬಹುದು.

ಮದುವೆಗೆ ಸಾಲ ಮಾಡುವವರಿಲ್ಲ ಎನ್ನುವುದಿಲ್ಲ, ಇದ್ದಾರೆ. ಆ ಬಗ್ಗೆ ಊರಿನ ಹಿರಿಯರು ಮಾತಾಡಲಿ, ನೀವೂ ಮಾತಾಡಿ. ಆದರೆ ಸಾಲ ಯಾರಿಗೆ ಯಾವ ದರದಲ್ಲಿ ಸಿಗುತ್ತದೆ ಎಂಬುದನ್ನೂ ನೋಡಿ. ಜಮೀನಿರುವ ರೈತನಿಗೆ ನಮ್ಮ ಸಹಕಾರ ಸಂಘಗಳಲ್ಲಿ ಐದು ಲಕ್ಷದವರೆಗೆ ಅಲ್ಪಾವಧಿ ಬೆಳೆಸಾಲ ಶೂನ್ಯ ಬಡ್ಡಿಗೆ ಸಿಗುತ್ತದೆ. ಅದು ಸರಿಯಾದದ್ದೇ. ಜಮೀನಿಲ್ಲದವರಿಗೆ ಕಿರುಸಾಲದ ಬಡ್ಡಿ ಶೇ 24ರ ಆಸುಪಾಸು. 2022ರಿಂದ ಆ ದರಕ್ಕೆ ಮೇಲ್ಮಿತಿಯನ್ನೂ ತೆಗೆದರು. ಇಂಥ ಸಾವು ನಮ್ಮ ರಾಜ್ಯಕ್ಕೂ ನೆರೆಯವರಿಗೂ ಹೊಸತಲ್ಲ. ಆಂಧ್ರಪ್ರದೇಶದಲ್ಲಿ ಇಂಥದೇ ಸಾವುಗಳ ನಂತರ 2010ರ ಅಕ್ಟೋಬರ್‌ನಲ್ಲಿ ಅಲ್ಲಿನ ಸರ್ಕಾರ ಸುಗ್ರೀವಾಜ್ಞೆ ತಂದಿತ್ತು. ಅದಕ್ಕೂ ಬಹಳ ಹಿಂದೆ, ದೇವರಾಜ ಅರಸು ಅವರ ಕಾಲದಲ್ಲಿ, ಸಣ್ಣ ರೈತರು, ಭೂಮಿಯಿಲ್ಲದ ಕೂಲಿಗಳು ಮತ್ತು ದುರ್ಬಲ ವರ್ಗದವರ ಸಾಲ ಮನ್ನಾ ಮಾಡುವ 1976ರ ಕಾಯ್ದೆ ಬಂದಿತ್ತು. ಆಗಲೂ ನಿಮ್ಮ ಈ ಪ್ರಶ್ನೆಯನ್ನು ಕೇಳಿದವರಿದ್ದರು. ಸಾಲ ಮನ್ನಾ ಆದ ಮೇಲೆ ಮಾರನೆಯ ವರ್ಷದ ಕಾಯಿಲೆಗೆ ಅದೇ ಕೂಲಿ ಎಲ್ಲಿಗೆ ಹೋಗಬೇಕು ಎಂಬುದಕ್ಕೆ ಉತ್ತರ ಕಟ್ಟದೆ ಬಿಟ್ಟದ್ದೇ ಅಂದಿನಿಂದ ಇಂದಿನವರೆಗಿನ ನಮ್ಮ ಸೋಲು.

ಪ್ರಶ್ನೆ: ನನಗೆ 24 ವರ್ಷ. ಕಿರುಸಾಲ ಕಂಪನಿಯೊಂದರಲ್ಲಿ ವಸೂಲಿ ಕೆಲಸ. ಸಂಜೆಯೊಳಗೆ ಪೂರ್ತಿ ಹಣ ಬಾರದಿದ್ದರೆ ಊರು ಬಿಟ್ಟು ಬರಬೇಡ ಎಂದು ಮ್ಯಾನೇಜರ್ ವಾಟ್ಸಾಪ್‌ನಲ್ಲಿ ಬರೆಯುತ್ತಾರೆ. ಕೊರತೆ ಬಿದ್ದರೆ ನನ್ನ ಸಂಬಳದಲ್ಲಿ ಹಿಡಿಯುತ್ತಾರೆ. ನಾಳೆ ನಾನು ಹೋದ ಮನೆಯಲ್ಲಿ ಅನಾಹುತವಾದರೆ ಜೈಲಿಗೆ ಹೋಗುವವನು ನಾನೇ ಅಲ್ಲವೇ? ರಾತ್ರಿ ನಿದ್ದೆ ಬರುತ್ತಿಲ್ಲ.
– ರಾಮನಗರ

ಉತ್ತರ: ಹೌದಪ್ಪ, ಎಫ್‌ಐಆರ್‌ನಲ್ಲಿ ಮೊದಲು ಬೀಳುವ ಹೆಸರು ನಿಮ್ಮದೇ. ಮೇಲಿನವರು ಹೇಳಿದರು ಎನ್ನುವುದು ಬೆದರಿಕೆ ಹಾಕಿದವನನ್ನು ಬಿಡಿಸುವುದಿಲ್ಲ, ಆದ್ದರಿಂದ ಸಂಜೆ ಆರರ ಮೇಲೆ ಯಾರ ಬಾಗಿಲಲ್ಲೂ ನಿಲ್ಲಬೇಡಿ. ಆದರೆ ಹೊಣೆ ನಿಮ್ಮಲ್ಲೇ ನಿಲ್ಲುವುದಿಲ್ಲ. ನೌಕರರ ಅನುಚಿತ ವರ್ತನೆಗೆ ಸಂಸ್ಥೆಯೇ ಹೊಣೆ ಎಂಬ ಘೋಷಣೆಯನ್ನು ಪ್ರತಿ ಸಾಲದ ಒಪ್ಪಂದದಲ್ಲೂ ಬರೆಯಬೇಕು, ಕಚೇರಿಯಲ್ಲೂ ತೂಗುಹಾಕಬೇಕು ಎಂದು ರಿಸರ್ವ್ ಬ್ಯಾಂಕ್ ಕಡ್ಡಾಯ ಮಾಡಿದೆ. ನಿಮ್ಮ ಕಚೇರಿಯ ಗೋಡೆಯಲ್ಲಿ ಅದಿದೆಯೇ ನೋಡಿ.

ಮ್ಯಾನೇಜರ್ ಕಳುಹಿಸಿದ ವಾಟ್ಸಾಪ್ ಸಂದೇಶಗಳನ್ನು ಅಳಿಸಬೇಡಿ, ಬೇರೆ ಮೊಬೈಲಿನಲ್ಲೂ ಇಟ್ಟುಕೊಳ್ಳಿ. ಸಂಬಳ ಕಡಿತದ ಚೀಟಿಗಳನ್ನು ತೆಗೆದಿಟ್ಟುಕೊಂಡು ಜಿಲ್ಲಾ ಕಾರ್ಮಿಕ ಅಧಿಕಾರಿಗೆ ಅರ್ಜಿ ಕೊಡಿ. ಒಂದು ಮನೆಯಲ್ಲಿ ಗಂಡನೋ ಹೆಂಡತಿಯೋ ‘ಇನ್ನು ಬದುಕಿ ಪ್ರಯೋಜನವಿಲ್ಲ’ ಎಂದದ್ದು ಕಿವಿಗೆ ಬಿದ್ದರೆ ಆ ದಿನದ ವಸೂಲಿ ಅಲ್ಲಿಗೇ ನಿಲ್ಲಿಸಿ, ಮನೆಯವರನ್ನೋ ಆಶಾ ಕಾರ್ಯಕರ್ತೆಯನ್ನೋ ಕರೆದು ತಿಳಿಸಿ, ಟೆಲಿ ಮನಸ್ ಸಹಾಯವಾಣಿ 14416ಕ್ಕೆ ಅಲ್ಲಿಂದಲೇ ಫೋನ್ ಹಚ್ಚಿಕೊಡಿ. ಅಲ್ಲಿ ಕನ್ನಡದಲ್ಲೇ ಮಾತಾಡುತ್ತಾರೆ, ಹಗಲು ರಾತ್ರಿ ಸಿಗುತ್ತಾರೆ, ಹಣ ಕೊಡಬೇಕಾಗಿಲ್ಲ. ನಿದ್ದೆ ಬಾರದ ನಿಮಗೂ ಅದೇ ಸಂಖ್ಯೆ. ಇವತ್ತೇ ಮಾಡಿ.